ಹಾಲು ಹಾಕಿದ ಕಾಫಿ

ಅಮ್ಮ ತೀರಿಕೊಂಡ ಮಾರನೆಯ ಬೆಳಿಗ್ಗೆ ಪಕ್ಕದ ಮನೆಯಿಂದ ಕಾಫಿ ಬಂತು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಲ್ಲ. ಕೆಂಪು ಮುಚ್ಚಳದ ಫ್ಲಾಸ್ಕು, ಜೊತೆಗೆ ಒಂದರೊಳಗೊಂದು ತುರುಕಿದ ಕಾಗದದ ಲೋಟಗಳು. ಚಿಕ್ಕಪ್ಪ ಬೇಡವೆಂದು ಕೈಯಾಡಿಸಿದರು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ತಲೆ ಅಲ್ಲಾಡಿಸಿದರು. ನಾನು ಕುಡಿದೆ. ರಾತ್ರಿಯಿಡೀ ನಿದ್ದೆಗೆಟ್ಟ ಬಾಯಿಗೆ ಹಿತವಾಗಿತ್ತು. ಇನ್ನರ್ಧ ಲೋಟ ಹಾಕಿಸಿಕೊಂಡೆ. ಆಗ ನೆನಪಾದವನು ಮೆರ್ಸೋ.

ಹೆತ್ತವಳ ತಲೆದೆಸೆಯಲ್ಲಿ ಕೂತು ಕಾದಂಬರಿಯ ಪಾತ್ರವನ್ನು ನೆನೆಯುವ ಮಗ ಎಂಥವನೆಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆದರೆ ಆಲ್ಬರ್ಟ್ ಕಮೂ 1942ರಲ್ಲಿ ಪ್ರಕಟಿಸಿದ ಆ ಪುಟ್ಟ ಕಾದಂಬರಿಯಲ್ಲಿ ಮೆರ್ಸೋನ ತಲೆ ತೆಗೆಸುವುದರಲ್ಲಿ ಇಂಥದೇ ಕಾಫಿಯ ಪಾಲೂ ಇದೆ. ಅಲ್ಜಿಯರ್ಸ್‌ನಿಂದ ಎಂಬತ್ತು ಕಿಲೋಮೀಟರ್ ದೂರದ ವೃದ್ಧಾಶ್ರಮದಲ್ಲಿ ತಾಯಿ ಸತ್ತಳೆಂದು ತಂತಿ ಬರುತ್ತದೆ. ಬಸ್ಸು ಹತ್ತಿ ಹೋಗುತ್ತಾನೆ. ಮುಖ ನೋಡುತ್ತೀಯಾ ಎಂದರೆ ಬೇಡ ಅನ್ನುತ್ತಾನೆ. ಕಾವಲುಗಾರ ಹಾಲು ಹಾಕಿದ ಕಾಫಿ ತಂದುಕೊಡುತ್ತಾನೆ, ಕುಡಿಯುತ್ತಾನೆ, ಸಿಗರೇಟು ಸೇದುತ್ತಾನೆ. ಅಳುವುದಿಲ್ಲ. ಅಂತ್ಯಕ್ರಿಯೆಯ ಮರುದಿನ ಸಮುದ್ರದಲ್ಲಿ ಈಜು, ಹುಡುಗಿ, ಹಾಸ್ಯದ ಸಿನಿಮಾ. ಮುಂದೊಂದು ಮಧ್ಯಾಹ್ನ, ಕಡಲತೀರದ ಉರಿಬಿಸಿಲಲ್ಲಿ, ಒಬ್ಬ ಅರಬನಿಗೆ ಗುಂಡು ಹೊಡೆಯುತ್ತಾನೆ. ಮೊದಲು ಒಂದು, ಆಮೇಲೆ ನಾಲ್ಕು.

ನ್ಯಾಯಾಲಯದಲ್ಲಿ ಮಾತೆಲ್ಲ ಕಾಫಿಯ ಸುತ್ತ. ಕೊಟ್ಟವನು ತಾನೇ ಎಂದು ಕಾವಲುಗಾರ ಪಾಪ ಒಪ್ಪಿಕೊಳ್ಳುತ್ತಾನೆ. ಪರಕೀಯ ಕೊಡಬಹುದು, ಆದರೆ ಮಗನಾದವನು ಬೇಡವೆನ್ನಬೇಕಿತ್ತು ಅನ್ನುವುದು ಸರ್ಕಾರಿ ವಕೀಲನ ವಾದ. ತಾಯಿಗೆ ಎಷ್ಟು ವಯಸ್ಸೆಂಬುದೂ ಇವನಿಗೆ ಗೊತ್ತಿರಲಿಲ್ಲ ಎಂಬ ಇನ್ನೊಂದು ಆರೋಪವೂ ಸೇರುತ್ತದೆ.

ನನಗೂ ಗೊತ್ತಿರಲಿಲ್ಲ. ಮರಣ ಪ್ರಮಾಣಪತ್ರದ ಅರ್ಜಿ ತುಂಬುವಾಗ ವಯಸ್ಸಿನ ಖಾನೆಯ ಮುಂದೆ ಪೆನ್ನು ನಿಂತಿತು. ಆಧಾರ್ ಕಾರ್ಡಿನಲ್ಲಿ ಅಮ್ಮ ಹುಟ್ಟಿದ್ದು ಜನವರಿ 1. ಅವಳ ಪ್ರಕಾರ ಯಾವುದೋ ನವರಾತ್ರಿ, ‘ದೊಡ್ಡ ಮಳೆ ಬಂದ ವರ್ಷ’. ದೊಡ್ಡ ಮಳೆಗೆ ಖಾನೆ ಇರಲಿಲ್ಲ. ಜನವರಿ 1 ಎಂದೇ ಬರೆದೆ.

ನಾನು ಅಳದಿದ್ದುದಕ್ಕೆ ನಮ್ಮಲ್ಲಿ ಎರಡು ತೀರ್ಪು ಬಂದವು. ಅತ್ತೆಯ ಪ್ರಕಾರ ಕಲ್ಲು ಮನಸ್ಸಿನವನು. ಪೇಟೆ ಸೇರಿದವರೆಲ್ಲ ಹೀಗೇ. ಗೀತೆ ಓದಿಕೊಂಡ ಹಿರಿಯರೊಬ್ಬರು ಬೆನ್ನು ತಟ್ಟಿ, ‘ಸ್ಥಿತಪ್ರಜ್ಞ ಕಣಯ್ಯಾ ನೀನು’ ಎಂದರು. ಒಣಗಿದ್ದುದು ಅವೇ ಎರಡು ಕಣ್ಣು. ನಿಜವಾಗಿ ನನ್ನ ತಲೆಯಲ್ಲಿದ್ದುದು ಶವವಾಹನದವನಿಗೆ ಚಿಲ್ಲರೆ ಎಲ್ಲಿಂದ ತರುವುದು ಎಂಬ ಯೋಚನೆ. ಗೀತೆ ಹೇಳುವ ನಿರ್ಲಿಪ್ತನಿಗೆ ಮನಸ್ಸನ್ನು ಗೆದ್ದ ಸಾಧನೆ ಇದೆ. ಮೆರ್ಸೋ ಏನನ್ನೂ ಗೆದ್ದವನಲ್ಲ. ಇಲ್ಲದ ದುಃಖವನ್ನು ಇದೆ ಅನ್ನಲು ಅವನಿಗೆ ಬಾರದು, ಅಷ್ಟೆ. ನಾನಂತೂ ಇಬ್ಬರ ಪೈಕಿಯೂ ಅಲ್ಲ.

ಆದರೆ ಇಪ್ಪತ್ತನೆಯ ವಯಸ್ಸಿನಲ್ಲಿ ಹಾಗೆ ಹೇಳುವ ಧೈರ್ಯ ಇರಲಿಲ್ಲ. ಹಾಸ್ಟೆಲಿನಲ್ಲಿ ನಾವು ಮೂವರು ಅಸ್ತಿತ್ವವಾದಿಗಳಿದ್ದೆವು. ನವ್ಯದ ಅಬ್ಬರ ತಣ್ಣಗಾಗಿದ್ದರೂ ಅದರ ಹಳೇ ಕೋಟು ನಮ್ಮ ಮೈಮೇಲಿತ್ತು. ಮಾತಿಗೆ ಮೊದಲು ‘ಪರಕೀಯತೆ’, ಮಾತಿಗೆ ಕೊನೆ ‘ಅಸಂಗತ’. ತಲೆ ಬಾಚುತ್ತಿರಲಿಲ್ಲ. ಊರಿನಿಂದ ಅಮ್ಮ ಬರೆದ ಕಾಗದಕ್ಕೆ ಉತ್ತರ ಬರೆಯದಿರುವುದೂ ಒಂದು ತತ್ತ್ವಶಾಸ್ತ್ರವೆಂದು ನಂಬಿದ್ದೆ. ಮನಿಯಾರ್ಡರ್ ಬಂದ ದಿನ ಮಾತ್ರ ಸಹಿ ಹಾಕಲು ಮೆಟ್ಟಿಲು ಹಾರಿಕೊಂಡು ಇಳಿಯುತ್ತಿದ್ದೆ.

ಕಮೂ ಅಂಥವನಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಇವನು ಹುಟ್ಟಿದ ಮರುವರ್ಷವೇ, 1914ರಲ್ಲಿ, ತಂದೆ ಯುದ್ಧದಲ್ಲಿ ಸತ್ತ. ತಾಯಿಗೆ ಕಿವಿ ಸರಿಯಾಗಿ ಕೇಳದು, ಓದು ಬಾರದು. ಅಲ್ಜಿಯರ್ಸ್‌ನ ಬೆಲ್ಕೂರ್ ಎಂಬ ಬಡವರ ಕೇರಿಯಲ್ಲಿದ್ದುಕೊಂಡು ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದವಳು. 1957ರಲ್ಲಿ ನೊಬೆಲ್ ಬಂದಾಗ ಕಮೂ ಮೊದಲು ನೆನೆದವರಲ್ಲಿ ಅವಳೂ ಒಬ್ಬಳು, ಪ್ರಾಥಮಿಕ ಶಾಲೆಯ ಮೇಷ್ಟರು ಇನ್ನೊಬ್ಬರು. 1960ರ ಜನವರಿ 4ರಂದು ಕಾರು ಮರಕ್ಕೆ ಬಡಿದು ಅವನು ಸತ್ತಾಗ ಜೊತೆಯಲ್ಲಿದ್ದ ಚೀಲದಲ್ಲಿ ಅರ್ಧ ಬರೆದ ಕಾದಂಬರಿಯಿತ್ತು. ಅದನ್ನು ಅರ್ಪಿಸಿದ್ದು ಅದನ್ನೆಂದೂ ಓದಲಾರದ ಆ ತಾಯಿಗೆ. ಅವಳು ಮಗನಿಗಿಂತ ಕೆಲವು ತಿಂಗಳು ಹೆಚ್ಚು ಬದುಕಿದಳು. ತಾಯಿಯ ಅಂತ್ಯಕ್ರಿಯೆಯಲ್ಲಿ ಅಳುವ ಅಥವಾ ಅಳದಿರುವ ಪ್ರಸಂಗ ಕಮೂಗೆ ಬರಲೇ ಇಲ್ಲ.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಅಟ್ಟದ ಟ್ರಂಕಿನಿಂದ ಆ ಹಳೆಯ ಪುಸ್ತಕ ತೆಗೆದು ಮತ್ತೆ ಓದಿದೆ. ಆ ವಿಚಾರಣೆಗೆ ಎಂಟು ಜನ ಸಾಕ್ಷಿಗಳು ಬರುತ್ತಾರೆ: ಆಶ್ರಮದ ಮುಖ್ಯಸ್ಥ, ಕಾವಲುಗಾರ, ತಾಯಿಯ ಮುದಿ ಗೆಳೆಯ, ಹೋಟೆಲಿನವನು, ಹುಡುಗಿ, ಹೀಗೆ. ಎಲ್ಲರೂ ಯುರೋಪಿಯನ್ನರು. ಸತ್ತವನ ಕಡೆಯಿಂದ ಒಬ್ಬರಿಲ್ಲ. ಸತ್ತವನಿಗೆ ಹೆಸರೂ ಇಲ್ಲ; ಇಡೀ ಪುಸ್ತಕದಲ್ಲಿ ಅವನು ‘ಅರಬ’. ಮೆರ್ಸೋನ ನಿರ್ಲಿಪ್ತತೆಗೆ ಚಪ್ಪಾಳೆ ತಟ್ಟಿದ್ದ ನಮ್ಮ ಮೂವರಿಗೂ ಹಾಸ್ಟೆಲಿನಲ್ಲಿ ಅದು ಕಣ್ಣಿಗೆ ಬಿದ್ದಿರಲಿಲ್ಲ. ಅಮ್ಮನ ಮುಂದೆ ಕಾಫಿ ಕುಡಿದದ್ದಕ್ಕಿಂತ ನನಗೆ ನಾಚಿಕೆಯಾದದ್ದು ಇದಕ್ಕೆ.

ಅದು ಅಲ್ಜೀರಿಯಾದ ಕಮೆಲ್ ದಾವೂದ್‌ಗೆ ಕಂಡಿತ್ತು. ಅವರು 2013ರಲ್ಲಿ ಬರೆದ ಕಾದಂಬರಿಯಲ್ಲಿ ಆ ಅರಬನಿಗೆ ಮೂಸಾ ಎಂಬ ಹೆಸರಿದೆ, ತಮ್ಮನಿದ್ದಾನೆ, ತಾಯಿಯಿದ್ದಾಳೆ. ಅವಳಿಗೆ ಮಗನ ಶವ ಸಿಗುವುದಿಲ್ಲ.