ನಾನೂ ಒಂದು ವಾದ್ಯ ಕೊಂಡೆನು

ಸಂಗೀತ ಬಾರದವನು ವಾದ್ಯ ಕೊಳ್ಳುವುದೂ ಈಜು ಬಾರದವನು ದೋಣಿ ಕೊಳ್ಳುವುದೂ ಒಂದೇ ಎಂದು ಸಹಪಾಠಿಯೊಬ್ಬನು ನನಗೆ ಉಪದೇಶ ಮಾಡಿದನು. ಮಾತೇನೋ ಸೊಗಸಾಗಿದೆ. ಆದರೆ ನನಗೆ ಸಂಗೀತದ ಗಂಧವೇ ಇಲ್ಲವೆಂದರೆ ಅದು ಪೂರ್ತಿ ನಿಜವಲ್ಲ. ಹೈಸ್ಕೂಲಿನಲ್ಲಿದ್ದಾಗ ವಾರ್ಷಿಕೋತ್ಸವಕ್ಕೆ ನಾನೇ ಹಾಡು ಕಟ್ಟಿ, ನಾನೇ ಧಾಟಿ ಹಾಕಿ, ಡೆಸ್ಕನ್ನೇ ತಬಲವೆಂದು ಭಾವಿಸಿ ಬಾರಿಸುತ್ತಿದ್ದೆನು. ಹತ್ತನೆಯ ತರಗತಿಯ ಪರೀಕ್ಷೆ ಬಂದಿತು, ಹಾಡು ಹೋಯಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅಂಥವನಿಗೆ ಹಾಡು ಕಟ್ಟುವುದು ದುಂದುಗಾರಿಕೆಯಂತೆ ತೋರಿದರೆ ಆಶ್ಚರ್ಯವೇನು?

ನಮ್ಮ ಮನೆ ಇರುವುದು ಪೀಣ್ಯದಲ್ಲಿ. ನಮ್ಮ ತಂದೆಯವರು ಶಿರಾ ಕಡೆಯ ಹಳ್ಳಿಯಿಂದ ಬಂದು, ಇಪ್ಪತ್ತೆರಡು ವರ್ಷಗಳಿಂದ ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತಿರುವವರು. ಊರಿನಲ್ಲಿದ್ದಾಗ ಏಕತಾರಿ ಮೀಟುತ್ತ ತತ್ವಪದ ಹಾಡುತ್ತಿದ್ದರಂತೆ. ‘ಅಂತೆ’ ಎಂದು ಬರೆಯಬೇಕಾಗಿದೆಯಲ್ಲ, ಅದೇ ನನ್ನ ಕೊರಗು. ನಾನು ಅವರ ಬಾಯಲ್ಲಿ ಕೇಳಿರುವುದು ಒಂದೇ ಒಂದು ಧಾಟಿ, ಅದೂ ತೊಡೆಯ ಮೇಲೆ ಮಲಗುತ್ತಿದ್ದ ವಯಸ್ಸಿನಲ್ಲಿ.

ಕಳೆದ ವರ್ಷ ಭಾನುವಾರಗಳಂದು ಪಾರ್ಸೆಲ್ ವಿಂಗಡಿಸುವ ಕೆಲಸಕ್ಕೆ ಹೋಗಿ, ಬಿ.ಎಡ್. ಸೇರುವುದಕ್ಕೆಂದು ಸ್ವಲ್ಪ ಹಣ ಕೂಡಿಟ್ಟಿದ್ದೆನು. ಒಂದು ದಿನ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಎಸ್.ಪಿ. ರಸ್ತೆಯಲ್ಲಿ ಚಾರ್ಜರ್ ಹುಡುಕುತ್ತ ಹೋದವನು, ಯಾರೋ ಬಳಸಿ ಮಾರಿದ್ದ ಇಪ್ಪತ್ತೈದು ಮನೆಗಳ ಪುಟ್ಟ ಕೀಬೋರ್ಡ್ ಹೊತ್ತು ಹಿಂದಿರುಗಿದೆನು! ಅದನ್ನು ವಾದ್ಯವೆನ್ನುವುದು ಔದಾರ್ಯದ ಮಾತು. ಒತ್ತಿದರೆ ಸದ್ದೇ ಬರುವುದಿಲ್ಲ. ಯಾವ ಮನೆಯನ್ನು ಎಷ್ಟು ಬಿರುಸಾಗಿ ಒತ್ತಿದರೆಂಬ ಸುದ್ದಿಯನ್ನು ಕಂಪ್ಯೂಟರಿಗೆ ತಲಪಿಸುವುದಷ್ಟೇ ಅದರ ಕೆಲಸ. ನಾದವೆಲ್ಲ ಹುಟ್ಟುವುದು ಕಂಪ್ಯೂಟರಿನಲ್ಲಿ. ಅದಕ್ಕೆ ಬೇಕಾದ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಲ್ಯಾಪ್‌ಟಾಪ್ ಹಳೆಯದು, ಎರವಿನದು.

ಯಂತ್ರದ ಸಂಗೀತ ನಮ್ಮದಲ್ಲವೆಂದು ಮೂಗು ಮುರಿಯುವವರುಂಟು. 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಸಿಂಥಸೈಜರ್ ಬಂದಿತ್ತು. 1982ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗರು ಸಿಂಥಸೈಜರುಗಳ ಮೇಲೆ ಹತ್ತು ರಾಗಗಳನ್ನು ನುಡಿಸಿ ಧ್ವನಿಮುದ್ರಿಕೆ ತಂದರು. ಅಷ್ಟು ದೂರವೇಕೆ? ಇಂದು ಸಂಗೀತದ ಪಾಠ ನಡೆಯುವ ಮನೆಮನೆಯಲ್ಲಿಯೂ ಮೊರೆಯುವ ಎಲೆಕ್ಟ್ರಾನಿಕ್ ತಂಬೂರಿಯನ್ನು 1979ರಲ್ಲಿ ರೂಪಿಸಿದವರು ನಮ್ಮ ಬೆಂಗಳೂರಿನ ಜಿ. ರಾಜ್ ನಾರಾಯಣ್, ಇಂಜಿನಿಯರರು, ಕೊಳಲುವಾದಕರೂ ಹೌದು. ಹಿರಿಯರ ಹೆಸರು ಹೇಳಿ ನಾನೂ ಧೈರ್ಯ ತಂದುಕೊಂಡೆನು.

ಮನೆಯವರು ಮಲಗಿದ ಮೇಲೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದೆನು. ಮೊದಲ ವಾರ ಬರಿಯ ಗದ್ದಲ. ಎರಡನೆಯ ವಾರ, ಐದು ವರ್ಷಗಳಿಂದ ಸುಳಿಯದಿದ್ದ ಒಂದು ಸ್ವರಪಂಕ್ತಿ ತಾನಾಗಿ ಬೆರಳಿಗೆ ಬಂದಿತು. ನೋಡಿದರೆ ಅದು ಅಪ್ಪನ ಧಾಟಿಯೇ! ಆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೆ ತಾಳ ಬೇಕಲ್ಲ? ನಮ್ಮ ಬೀದಿಯ ಕೊನೆಯ ಶೆಡ್ಡಿನ ಹೊರಗೆ ನಿಂತು, ಪ್ರೆಸ್ಸಿನ ‘ಧಪ್... ಧಪ್’ ಸದ್ದನ್ನು ಫೋನಿನಲ್ಲಿ ಹಿಡಿದುಕೊಂಡು ಬಂದೆನು. ಅದರ ಮೇಲೆ ಕಿರುಗೆಜ್ಜೆಯಂಥ ಧ್ವನಿಯಲ್ಲಿ, ಮೇಲಿನ ಸ್ಥಾಯಿಯಲ್ಲಿ, ಧಾಟಿಯನ್ನು ಕೂರಿಸಿದೆನು. ನನ್ನ ಬುದ್ಧಿಗೆ ನಾನೇ ಬೆರಗಾದೆನು.

ಭಾನುವಾರ ಅಪ್ಪನ ಕಿವಿಗೆ ಇಯರ್‌ಫೋನ್ ಇಟ್ಟೆನು. ಅವರು ಬಹಳ ಹೊತ್ತು ಕೇಳಿದರು.

“ಪ್ರೆಸ್ ಕೇಳ್ತೈತೆ ಕಣ್ಲಾ. ಹಾಡೆಲ್ಲಿ?” ಎಂದರು.

ನಾನು ಪೆಚ್ಚಾದೆನು. ಹಿಂದೆ ಒಮ್ಮೆ ಆಸ್ಪತ್ರೆಯಲ್ಲಿ ಅವರ ಕಿವಿಯನ್ನು ಪರೀಕ್ಷಿಸಿ ಒಂದು ನಕ್ಷೆ ಕೊಟ್ಟಿದ್ದರು; ರೇಷನ್ ಕಾರ್ಡಿನ ಜೊತೆ ಇಟ್ಟು ಮರೆತಿದ್ದೆವು. ತೆಗೆದು ನೋಡಿದೆನು. ಗೆರೆಯು ಎಡಗಡೆ ನೆಟ್ಟಗೆ ಸಾಗಿ, 4,000 ಹರ್ಟ್ಸಿನ ಬಳಿ ಬಾವಿಗೆ ಬಿದ್ದಂತೆ ಇಳಿದಿತ್ತು. ಕಾರ್ಖಾನೆಯ ಸದ್ದು ಮೊದಲು ತಿನ್ನುವುದು ಆ ಎಡೆಯನ್ನೇ ಎಂದು ಆಮೇಲೆ ಓದಿ ತಿಳಿದುಕೊಂಡೆನು. ಪಿಯಾನೋವಿನ ಕಟ್ಟಕಡೆಯ ಮನೆಯ ಸ್ವರ ಸುಮಾರು 4,186 ಹರ್ಟ್ಸ್. ನನ್ನ ಕಿರುಗೆಜ್ಜೆ ಕುಣಿಯುತ್ತಿದ್ದುದು ಆ ಬಾವಿಯ ಸುತ್ತಮುತ್ತಲೇ. ಅವರ ಹಾಡನ್ನು ಅವರಿಗೆ ಕೇಳದ ಕಡೆ ಇಟ್ಟು, ಅವರು ಕೇಳಿ ಕೇಳಿ ಬೇಸತ್ತ ಸದ್ದನ್ನು ಮಾತ್ರ ಅವರ ಕಿವಿಗೆ ಬಡಿದಿದ್ದೆನು!

ಅಂದು ರಾತ್ರಿ ಪ್ರೆಸ್ಸಿನ ತಾಳವನ್ನು ಅಳಿಸಿ ಹಾಕಿದೆನು. ಒಂದು ಸ್ಥಾಯಿ ಇಳಿದರೆ ಕಂಪನ ಅರ್ಧವಾಗುತ್ತದೆ: 4,000 ಇದ್ದದ್ದು 2,000, ಆಮೇಲೆ 1,000, ಆಮೇಲೆ 500. ಹೀಗೆ ಮೂರು ಸ್ಥಾಯಿ ಇಳಿಸಿದೆನು. ಗೆಜ್ಜೆಯನ್ನು ಬಿಟ್ಟು ಮೀಟಿದ ತಂತಿಯಂಥ ದಪ್ಪ ಧ್ವನಿಯನ್ನು ಆರಿಸಿ, ಕೆಳಗೆ ಏಕತಾರಿಯಂತೆ ಒಂದೇ ಶ್ರುತಿಯನ್ನು ಹಿಡಿದೆನು. ಹೈಸ್ಕೂಲಿನಲ್ಲಿ ನಾನು ಹಾಡು ಕಟ್ಟುತ್ತಿದ್ದುದು ಚಪ್ಪಾಳೆಗಾಗಿ. ಒಬ್ಬರೇ ಒಬ್ಬರ ಕಿವಿಯನ್ನು ನೆನೆದು ಸ್ವರ ಹುಡುಕಿದ್ದು ಇದೇ ಮೊದಲು.

ಮರುದಿನ ಸಂಜೆ ಅಪ್ಪ ಕೇಳಿದರು. ಮೊದಲ ಸಾಲಿಗೆ ಸುಮ್ಮನಿದ್ದರು. ಎರಡನೆಯದಕ್ಕೆ ಹುಬ್ಬು ಗಂಟಿಕ್ಕಿ, “ತಪ್ಪು. ಅಲ್ಲಿ ಎಳೀಬೇಕು” ಎಂದು ತಾವೇ ಮೆಲ್ಲನೆ ಹಾಡಿ ತೋರಿಸಿದರು. ಧ್ವನಿ ಒಡೆದಿತ್ತು; ಧಾಟಿ ನೆಟ್ಟಗಿತ್ತು. ನಾನು ತಿದ್ದಿದೆನು. ಅವರು ಮತ್ತೆ ತಪ್ಪು ಹಿಡಿದರು. ಊಟದ ಹೊತ್ತು ಮೀರಿತು.

ಕೊನೆಗೆ ಕೀಬೋರ್ಡಿನತ್ತ ಕೈ ತೋರಿ, “ಎಷ್ಟು ಕೊಟ್ಟೆ ಇದಕ್ಕೆ?” ಎಂದರು.

“ಎರಡು ಸಾವಿರ” ಎಂದೆನು, ತಲೆ ತಗ್ಗಿಸಿ.

“ಕೇಳ್ಲಿಲ್ಲ. ಗಟ್ಟಿಯಾಗಿ ಹೇಳು.”

ಒಂದು ಸುಳ್ಳನ್ನು ಮೆಲ್ಲಗೆ ಹೇಳಬಹುದು. ಅದನ್ನೇ ಅವರ ಮುಖ ನೋಡಿ ಗಟ್ಟಿಯಾಗಿ ಹೇಳುವುದು ನನ್ನಿಂದಾಗಲಿಲ್ಲ. “ನಾಲ್ಕೂವರೆ ಸಾವಿರ!” ಎಂದು ಕೂಗಿದೆನು.

ಅಪ್ಪ ತಲೆಯಾಡಿಸಿದರು. ಆದರೆ ನಮ್ಮ ಅಮ್ಮನ ಕಿವಿ ಬಹಳ ಚುರುಕು. ಅಡಿಗೆಮನೆಯಲ್ಲಿ ಸೌಟು ಕೆಳಗೆ ಬಿದ್ದ ಸದ್ದು ನನಗೆ ಚೆನ್ನಾಗಿಯೇ ಕೇಳಿಸಿತು.