ಒಲೆ ಹಚ್ಚುವವರು

2002ರ ಜೂನಿನಲ್ಲಿ ರಾಯಚೂರು ಜಿಲ್ಲೆಯ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಶುರುವಾಯಿತು. ನಾನಾಗ ಮೂರನೇ ಕ್ಲಾಸು. ದನ ಕಾಯಲು, ಹತ್ತಿ ಬಿಡಿಸಲು ಹೋಗುತ್ತಿದ್ದ ಹುಡುಗರು ತಟ್ಟೆ ಹಿಡಿದು ಬಂದು ಸಾಲಿನಲ್ಲಿ ಕೂತರು. ಉಂಡ ಮೇಲೆ ಮಧ್ಯಾಹ್ನದ ಪಾಠಕ್ಕೂ ಉಳಿದರು. ಅವರಲ್ಲಿ ಕೆಲವರು ಮುಂದೆ ಡಿಗ್ರಿ ಮುಗಿಸಿದರು. ಹಸಿವಿಗೂ ಹಾಜರಿಗೂ ಇರುವ ನಂಟನ್ನು ಅಂಕಿಅಂಶ ಕೊಟ್ಟು ಯಾರೂ ನನಗೆ ಒಪ್ಪಿಸಬೇಕಿಲ್ಲ.

ಅದೇ ವರ್ಷ ಆಫ್ರಿಕಾದ ಮಲಾವಿಯಲ್ಲಿ ಬರಗಾಲ. ಅಲ್ಲಿನವರ ದಿನದ ಊಟ ಮೆಕ್ಕೆಜೋಳದ ಹಿಟ್ಟಿನ ಎನ್ಸಿಮಾ, ನಮ್ಮ ಮುದ್ದೆಯ ಹಾಗೆ. ಮೆಕ್ಕೆಜೋಳ ಕೈಕೊಟ್ಟರೆ ಮನೆಯಲ್ಲಿ ಬೇರೇನೂ ಉಳಿಯುವುದಿಲ್ಲ. ನೆರವು ಹೊತ್ತು ಹೋಗಿದ್ದ ಸ್ಕಾಟ್ಲೆಂಡಿನ ಮ್ಯಾಗ್ನಸ್ ಮ್ಯಾಕ್‌ಫರ್ಲೇನ್-ಬ್ಯಾರೋ, ಏಡ್ಸ್‌ನಿಂದ ಸಾಯುತ್ತಿದ್ದ ತಾಯಿಯ ಬಳಿ ಕೂತಿದ್ದ ಎಡ್ವರ್ಡ್ ಎಂಬ ಹುಡುಗನನ್ನು ಬದುಕಿನಲ್ಲಿ ನಿನಗೇನು ಬೇಕು ಎಂದು ಕೇಳಿದರು. ಹೊಟ್ಟೆ ತುಂಬ ಊಟ, ಎಂದಾದರೊಂದು ದಿನ ಶಾಲೆಗೆ ಹೋಗುವುದು. ಅವನು ಹೇಳಿದ್ದು ಅಷ್ಟೇ. ಅವೆರಡನ್ನೂ ಒಂದೇ ಕಡೆ ಕೊಡಲು ಹುಟ್ಟಿದ ಸಂಸ್ಥೆ ಮೇರೀಸ್ ಮೀಲ್ಸ್. 200 ಮಕ್ಕಳಿಂದ ಆರಂಭವಾದ ಈ ಕೆಲಸ ಇಂದು ಹಲವು ದೇಶಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಶಾಲೆಯಲ್ಲೇ ಉಣಿಸುತ್ತಿದೆ.

ಕೆಲಸದ ಮೇಲೆ ಗ್ಲಾಸ್ಗೋಗೆ ಬಂದ ನಾನು ಈ ಕಥೆ ಕೇಳಿದ ದಿನವೇ ಆ ಸಂಸ್ಥೆಗೆ ಸ್ವಯಂಸೇವಕನಾಗಿ ಹೆಸರು ಕೊಟ್ಟೆ. ಈ ನಗರಕ್ಕೆ ಅಂಟಿಕೊಂಡಂತೆ ಬ್ಲಾಂಟೈರ್ ಎಂಬ ಊರಿದೆ, ಆಫ್ರಿಕಾದಲ್ಲಿ ಸಂಚರಿಸಿದ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ 1813ರಲ್ಲಿ ಹುಟ್ಟಿದ್ದು ಅಲ್ಲಿ. ಮಲಾವಿಯ ದೊಡ್ಡ ವ್ಯಾಪಾರದ ನಗರಕ್ಕೂ ಅದೇ ಹೆಸರು. ಹಾಗಾಗಿ ಮಲಾವಿ ಎಂದರೆ ಇಲ್ಲಿನ ಮುದುಕರಿಗೆ ದೂರದ ದೇಶವೇ ಅಲ್ಲ.

ನಮ್ಮ ಗುಂಪಿನ ಪಾಲಿಗೆ ಬಂದ ಕೆಲಸ ಮಲಾವಿಯ ಮಕ್ಕಳಿಗೆ ಕಳಿಸುವ ಶಾಲೆಯ ಬ್ಯಾಗು ತುಂಬುವುದು. ಇಲ್ಲಿನ ಮಕ್ಕಳು ಬಳಸಿ ಬಿಟ್ಟ ಬ್ಯಾಗುಗಳಲ್ಲಿ ಜಿಪ್ಪು, ಹೊಲಿಗೆ ಗಟ್ಟಿಯಿರುವುದನ್ನು ಆರಿಸಬೇಕಿತ್ತು. ಒಳಗೆ ನೋಟ್‌ಬುಕ್ಕು, ಪೆನ್ನು, ಪೆನ್ಸಿಲ್ಲು, ರಬ್ಬರು, ಸ್ಕೇಲು. ಟವೆಲ್ಲು, ಸೋಪು, ಹಲ್ಲುಜ್ಜುವ ಬ್ರಷ್ಷು, ಪೇಸ್ಟು. ಒಂದು ಜೊತೆ ಬಟ್ಟೆ, ಹವಾಯಿ ಚಪ್ಪಲಿ, ಆಡಲೊಂದು ಚೆಂಡು. ಮತ್ತೆ ಒಂದು ಚಮಚ. ನಾನು ಬಟ್ಟೆಯ ಮೇಜಿನಲ್ಲಿ ನಿಲ್ಲುತ್ತಿದ್ದೆ. ಕಲೆಯಾದ ಅಂಗಿ, ಸಡಿಲಾದ ಎಲಾಸ್ಟಿಕ್ಕಿನ ಚಡ್ಡಿ ನನ್ನ ಕೈ ದಾಟಿ ಹೋಗಲು ಬಿಡಲಿಲ್ಲ. ಬಡ ಮಗುವಿಗೆ ಏನು ಕೊಟ್ಟರೂ ನಡೆಯುತ್ತದೆ ಎಂಬ ಮಾತು ಎಲ್ಲೇ ಕೇಳಿದರೂ ನನಗೆ ಸಿಟ್ಟು ಬರುತ್ತದೆ. ಮೂರನೇ ಕ್ಲಾಸಿನಲ್ಲಿ ನಾನು ಹಾಕಿಕೊಳ್ಳಲು ನಾಚುತ್ತಿದ್ದ ಬಟ್ಟೆಯನ್ನು ಇನ್ನೊಂದು ಮಗುವಿಗೆ ಹೇಗೆ ಕಳಿಸಲಿ?

ಮಲಾವಿಗೆ ಯಾವಾಗ ಹೋಗುತ್ತೀಯ ಎಂದು ಊರಿಂದ ಫೋನಿನಲ್ಲಿ ಅಣ್ಣ ಕೇಳುತ್ತಿರುತ್ತಾನೆ. ಹೋಗುವ ಆಸೆ ಇದೆ. ಆದರೆ ಒಂದು ಮಗುವಿಗೆ ಇಡೀ ಶಾಲಾ ವರ್ಷ ಉಣಿಸಲು ತಗಲುವುದು ಸುಮಾರು 20 ಪೌಂಡ್. ಹೋಗಿ ಬರಲು 1,000 ಪೌಂಡ್ ಎಂದಿಟ್ಟುಕೊಂಡರೂ ಅದು 50 ಮಕ್ಕಳ ವರ್ಷದ ಊಟ. ನಾನು ಅಲ್ಲಿ ಹೋಗಿ ಸೌಟು ಹಿಡಿದು ಫೋಟೋಕ್ಕೆ ನಿಂತರೆ ಯಾವ ಮಗುವಿನ ಹೊಟ್ಟೆಯೂ ಹೆಚ್ಚು ತುಂಬುವುದಿಲ್ಲ. ಸೌಟು ಹಿಡಿಯುವವರು ಅಲ್ಲೇ ಇದ್ದಾರೆ.

ಅವರು ಆ ಮಕ್ಕಳ ತಾಯಂದಿರು, ಅಜ್ಜಿಯರು. ಕತ್ತಲಿರುವಾಗಲೇ ಎದ್ದು ಶಾಲೆಗೆ ನಡೆದು, ನೀರು ತಂದು, ಒಲೆ ಹಚ್ಚುತ್ತಾರೆ. ಬೇಯುವುದು ಲಿಕುನಿ ಫಾಲಾ ಎಂಬ ಗಂಜಿ: ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿಗೆ ಸಕ್ಕರೆ, ಜೀವಸತ್ವಗಳನ್ನು ಬೆರೆಸಿದ್ದು. ಹಿಟ್ಟಿನ ಕಾಳು ಆದಷ್ಟೂ ಆ ದೇಶದ ರೈತರದೇ. ದೊಡ್ಡ ಹಂಡೆಯಲ್ಲಿ ತಳ ಹಿಡಿಯದಂತೆ ತಿರುವುತ್ತಲೇ ಇರಬೇಕು, ಹೊಗೆ ಕಣ್ಣಿಗೆ ಹೊಡೆಯುತ್ತದೆ, ತೋಳು ಸೋಲುತ್ತದೆ. ಮಕ್ಕಳು ಮನೆಯಿಂದ ತಂದ ಮಗ್ಗು ಹಿಡಿದು ಸಾಲಾಗಿ ಬರುತ್ತಾರೆ. ಹೀಗೆ ಸರದಿಯ ಮೇಲೆ ಅಡುಗೆ ಮಾಡುವವರು ಮಲಾವಿಯೊಂದರಲ್ಲೇ ಹತ್ತಾರು ಸಾವಿರ. ಊರಿನವರು ಈ ಹೊಣೆ ಹೊರದಿದ್ದರೆ ಕೆಲಸವೇ ನಡೆಯದು. ಶನಿವಾರ ಬೆಳಗ್ಗೆ ಬ್ಯಾಗು ತುಂಬುತ್ತಿದ್ದ ನನಗೆ ಆಫೀಸಿನಲ್ಲಿ ಶಹಬ್ಬಾಸ್ ಎನ್ನುತ್ತಿದ್ದರು. ಆ ಹೊಗಳಿಕೆ ಸಲ್ಲಬೇಕಾದವರು ಈ ಹೆಂಗಸರು.

ಅವರಿಗೆ ಸಂಬಳವಿಲ್ಲ. ಇದು ನನ್ನನ್ನು ಬಿಡದೆ ಕಾಡುತ್ತದೆ. ನಮ್ಮ ಗುಂಪಿನ ಹಿರಿಯರೊಬ್ಬರು, ನಿವೃತ್ತ ಟೀಚರು, ಹೇಳುತ್ತಾರೆ: ಸಂಬಳದ ಮೇಲೆ ನಿಂತ ಅಡುಗೆಮನೆ ದುಡ್ಡು ಕಡಿಮೆಯಾದ ವರ್ಷ ಮುಚ್ಚುತ್ತದೆ, ಊರಿನವರದೇ ಆದ ಅಡುಗೆಮನೆ ಉಳಿಯುತ್ತದೆ, ಸರದಿ ಇರುವುದರಿಂದ ಯಾರೊಬ್ಬರ ಮೇಲೂ ದಿನವೂ ಭಾರ ಬೀಳುವುದಿಲ್ಲ. ಅವರ ಮಾತಿನಲ್ಲಿ ಹುರುಳಿದೆ. ಆದರೆ ನಾನು ಬಿಸಿಯೂಟದ ಅಡುಗೆಯವರನ್ನು ಹತ್ತಿರದಿಂದ ಕಂಡವನು. ನಮ್ಮ ಶಾಲೆಯಲ್ಲಿ ಸಾರು ಬಡಿಸುತ್ತಿದ್ದ ಅವ್ವ, ಉಳಿದ ಅನ್ನವನ್ನು ಯಾರ ತಟ್ಟೆಗೆ ಹಾಕಬೇಕೆಂದು ಕೇಳದೆಯೇ ತಿಳಿಯುತ್ತಿದ್ದವಳು. ಅಂಥವರು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಮತ್ತೆ ಧರಣಿ ಕೂರಬೇಕಾಯಿತು. ತಾಯಿಯ ಪ್ರೀತಿಯಿಂದ ಮಾಡುವ ಕೆಲಸಕ್ಕೆ ಕಡಿಮೆ ಕೊಟ್ಟರೂ ನಡೆಯುತ್ತದೆ ಎಂದು ನಾವು ತಿಳಿದುಬಿಟ್ಟಿದ್ದೇವೆ.

ಮಲಾವಿಯಲ್ಲಿ ಸರದಿಯ ದಿನ ಒಬ್ಬಾಕೆ ಹೊಲದ ಕೂಲಿ ಬಿಟ್ಟು ಒಲೆಯ ಮುಂದೆ ನಿಲ್ಲುವುದಾದರೆ, ಆ ದಿನದ ಕೂಲಿಯಷ್ಟಾದರೂ ಆಕೆಯ ಕೈ ಸೇರಬೇಕು. ಅದಕ್ಕಾಗಿ ವರ್ಷಕ್ಕೆ 20 ಪೌಂಡಿನ ಬದಲು 25 ಕೇಳಿದರೆ ಕೊಡುವವರು ಈ ಊರಿನಲ್ಲಿದ್ದಾರೆ. ಟೀಚರು ಇನ್ನೂ ಒಪ್ಪಿಲ್ಲ. ನಾನು ಹೇಳುವುದನ್ನು ಬಿಟ್ಟಿಲ್ಲ.