ಐದು ತಾಸಿನ ಸಾರು

ಬ್ಲಾಗಿನ ಕಡೆ ತಲೆ ಹಾಕದೆ ಮೂರು ತಿಂಗಳ ಮೇಲಾಯ್ತು. ಆಫೀಸು, ರಿಲೀಸು, ಮಧ್ಯರಾತ್ರಿ ಕಾಲ್‌ಗಳು.. ಇವೆಲ್ಲ ಎಲ್ಲರೂ ಹೇಳೋ ನೆಪಗಳೇ ಬಿಡಿ. ನಿಜ ಏನಂದ್ರೆ, ಇದೊಂದನ್ನ ಬರೀಬೇಕೋ ಬೇಡವೋ ಅಂತ ನನ್ನೊಳಗೇ ತೀರ್ಮಾನ ಆಗಿರ್ಲಿಲ್ಲ. ಇಲ್ಲಿ ಅಡುಗೆ ಬಗ್ಗೆ ಎಷ್ಟೋ ಸಲ ಕೊರೆದಿದೀನಿ. ಮಂಡಕ್ಕಿ ಒಗ್ಗರಣೆ, ಶೇಂಗಾ ಚಟ್ನಿ, ಸಜ್ಜೆ ರೊಟ್ಟಿ. ಇದನ್ನ ಮಾತ್ರ ಯಾವತ್ತೂ ಬರ್ದಿಲ್ಲ. ಕಳೆದ ಬೇಸಿಗೆಯಲ್ಲಿ ಕೂಡ್ಲಿಗಿಯ ನಮ್ಮ ಮನೇಲಿ ದೊಡ್ಡ ಮಾಂಸದ ಸಾರು ಮಾಡಿದ್ವಿ. ದೊಡ್ಡ ಮಾಂಸ ಅಂದ್ರೆ ಬೀಫು.

ಇದಕ್ಕೊಂದು ಹಿಂದಿನ ಕತೆ ಇದೆ. ಸ್ವಲ್ಪ ಉದ್ದ, ಸಹಿಸ್ಕೊಳ್ಳಿ.

ನಮ್ಮಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. 1991ರಲ್ಲಿ ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳೀಲಿ ನೌಕರಿ ಶುರು ಮಾಡಿದ್ರು. ಆಗ ಹರಪನಹಳ್ಳಿ ಬಳ್ಳಾರಿ ಜಿಲ್ಲೇಲಿತ್ತು. 1997ರಲ್ಲಿ ಅದನ್ನ ದಾವಣಗೆರೆಗೆ ಸೇರಿಸೋ ಹೊತ್ತಿಗೆ ಅಪ್ಪ ಹಡಗಲಿಗೆ ವರ್ಗ ಆಗಿದ್ರು. ಆಮೇಲೆ ಕೊಟ್ಟೂರು, ಆಮೇಲೆ ಹಗರಿಬೊಮ್ಮನಹಳ್ಳಿ, ಕೊನೆಗೆ ಕೂಡ್ಲಿಗಿ. ಈಗ ಈ ಐದೂ ಊರು 2021ರಲ್ಲಿ ಆದ ವಿಜಯನಗರ ಜಿಲ್ಲೆಯೊಳಗಿವೆ. ಅಪ್ಪ ಕೂತ ಕುರ್ಚಿ ಬಿಟ್ಟು ಏಳದೇ ಜಿಲ್ಲೆ ಬದಲಾಯಿಸಿದವರು ಅಂತ ನಾವು ತಮಾಷೆ ಮಾಡ್ತೀವಿ.

ಐದು ಊರು ಅಂದ್ರೆ ಐದು ಬಾಡಿಗೆ ಮನೆ ಅಂತ ಅನ್ಕೋಬೇಡಿ. ಹನ್ನೊಂದು. ಮನೆ ಕೇಳೋಕೆ ಹೋದ ಕಡೆಯೆಲ್ಲ ನೀರು ಕೊಟ್ಟು, ಊರು ಕೇಳಿ, ಆಮೇಲೆ ನಿಧಾನಕ್ಕೆ ಒಂದು ಪ್ರಶ್ನೆ ಬರ್ತಿತ್ತು: "ನೀವು ಯಾವ ಪೈಕಿ ಮೇಷ್ಟ್ರೇ?" ಅಪ್ಪ ಸುಳ್ಳು ಹೇಳ್ತಿರ್ಲಿಲ್ಲ. ಹೇಳಿದ ಮೇಲೆ ಬಹಳ ಕಡೆ "ನಾಳೆ ಹೇಳ್ತೀವಿ" ಅನ್ನೋ ಉತ್ತರ. ಆ ನಾಳೆ ಬರ್ತಿರ್ಲಿಲ್ಲ. ಕೊಟ್ಟವರು ಒಳ್ಳೇ ಜನ. ಆದ್ರೆ ಬೀಗದ ಕೈ ಕೊಡುವಾಗ ನಗ್ತಾ ನಗ್ತಾ ಒಂದು ಮಾತು ಸೇರಿಸ್ತಿದ್ರು: "ಮನ್ಯಾಗ ಅಂಥದ್ದೆಲ್ಲ ಮಾಡಂಗಿಲ್ಲ ನೋಡ್ರಿ."

ಹಡಗಲೀಲಿ ಇದ್ದಾಗ ಅವ್ವ ಕಿಟಕಿ ಮುಚ್ಚಿ, ಊದಿನಕಡ್ಡಿ ಹಚ್ಚಿ, ವರ್ಷಕ್ಕೆ ಒಂದೆರಡು ಸಲ ಕುಕ್ಕರಿನಲ್ಲಿ ಮಾಡ್ತಿದ್ಲಂತೆ. ಹೊರಗೆ ಮಲ್ಲಿಗೆ ವಾಸನೆ, ಒಳಗೆ ಊದಿನಕಡ್ಡಿ, ನಡುವೆ ಕುಕ್ಕರಿನ ಸೀಟಿ. ನನಗೆ ಅದು ನೆನಪಿಲ್ಲ. ನೆನಪಿರೋದು ಕೊಟ್ಟೂರು.

2004. ನಾನಾಗ ಒಂದನೇ ಕ್ಲಾಸು. ಹಗರಿಬೊಮ್ಮನಹಳ್ಳಿ ಹತ್ರದ ಹಳ್ಳಿಯಿಂದ ದೊಡ್ಡವ್ವ, ಅಂದ್ರೆ ಅವ್ವನ ಅಕ್ಕ, ಬಸ್ಸಿಗೆ ಬಂದ್ಲು. ಸೆರಗಿನ ಕೆಳಗೆ ಸ್ಟೀಲಿನ ಡಬ್ಬಿ. ನಾನು, ತಂಗಿ ತಟ್ಟೆ ಮುಂದೆ ಕೂತಿದ್ವಿ, ರೊಟ್ಟಿ ಆಗ್ಲೇ ಹಾಕಿ ಆಗಿತ್ತು. ದೊಡ್ಡವ್ವ ಡಬ್ಬಿ ಮುಚ್ಚಳ ತೆಗೆದ್ಲು. ಗೋಡೆ ಆಚೆಯಿಂದ ಮಾಲೀಕರ ಮನೆಯ ಧ್ವನಿ: "ಏನ್ ವಾಸ್ನಿರೀ ಅದು ಮೇಷ್ಟ್ರೇ?"

"ಒಣಮೀನು ರೀ" ಅಂದ್ಲು ಅವ್ವ.

ಅಪ್ಪ ಏನೂ ಮಾತಾಡಲಿಲ್ಲ. ಡಬ್ಬಿ ಮುಚ್ಚಿದ್ರು, ಸೈಕಲ್ ಕ್ಯಾರಿಯರಿಗೆ ಕಟ್ಟಿದ್ರು, ಕತ್ತಲಲ್ಲಿ ಹೋದ್ರು. ಒಂದು ತಾಸಿನ ಮೇಲೆ ವಾಪಸ್ ಬಂದಾಗ ಡಬ್ಬಿ ತೊಳೆದು ಫಳಫಳ ಅಂತಿತ್ತು. ನಾವು ಅಷ್ಟೊತ್ತಿಗೆ ಶೇಂಗಾ ಚಟ್ನೀಲಿ ರೊಟ್ಟಿ ತಿಂದು ಮುಗಿಸಿದ್ವಿ. ದೊಡ್ಡವ್ವ ಮಾರನೇ ದಿನ ಮೊದಲನೇ ಬಸ್ಸಿಗೆ ಹೊರಟುಹೋದ್ಲು. ಆಮೇಲೆ ಬಂದಾಗೆಲ್ಲ ಚಕ್ಕುಲಿ ತರ್ತಿದ್ಲು, ಉಂಡೆ ತರ್ತಿದ್ಲು. ಆ ಡಬ್ಬಿ ಮಾತ್ರ ತರಲಿಲ್ಲ. ನಮಗೆ ತಿನ್ನೋ ಆಸೆ ಆದ್ರೆ ರಜೆಗೆ ಅವಳೂರಿಗೇ ಹೋಗಬೇಕಿತ್ತು. ಅಪ್ಪ ಅಲ್ಲಿಗೂ ಬರ್ತಿರ್ಲಿಲ್ಲ.

ಇಪ್ಪತ್ತು ವರ್ಷ ಆದ್ಮೇಲೆ, 2024ರಲ್ಲಿ, ಆಫೀಸಿನವರು ಮೂರು ವಾರಕ್ಕೆ ಟೆಕ್ಸಾಸಿನ ಆಸ್ಟಿನ್‌ಗೆ ಕಳಿಸಿದ್ರು. ಅಲ್ಲಿನ ಟೀಮಿನವರು ಬ್ರಿಸ್ಕೆಟ್ ತಿನ್ನಿಸೋಕೆ ಕರ್ಕೊಂಡು ಹೋದ್ರು. ಬ್ರಿಸ್ಕೆಟ್ ಅಂದ್ರೆ ದನದ ಎದೆಭಾಗದ ಮಾಂಸ. ಗಟ್ಟಿ ಅಂತ ಒಂದು ಕಾಲಕ್ಕೆ ಅಗ್ಗಕ್ಕೆ ಹೋಗ್ತಿದ್ದ ತುಂಡು. ಅದನ್ನ ಸಣ್ಣ ಬಿಸಿಯಲ್ಲಿ, ಹೊಗೆಯಲ್ಲಿ, ಹನ್ನೆರಡು ತಾಸಿನ ಮೇಲೆ ಬೇಯಿಸಿ ಬೆಣ್ಣೆ ಹಂಗೆ ಮಾಡ್ತಾರೆ. ಈಗ ಅದಕ್ಕೇ ಜನ ಬಿಸಿಲಲ್ಲಿ ಕ್ಯೂ ನಿಲ್ತಾರೆ. ಆ ಹೊಗೆ ಮೂಗಿಗೆ ಬಿದ್ದಿದ್ದೇ ತಡ ನನಗೆ ದೊಡ್ಡವ್ವನ ಹಿತ್ತಲು ನೆನಪಾಯ್ತು. ಯಾವ ಸೌದೆ ಅಂತ ಕೇಳಿದ್ರೆ ಮೆಸ್ಕೀಟ್ ಅಂದ್ರು. ಫೋನಲ್ಲಿ ಹುಡುಕಿದೆ. ಪ್ರೊಸೊಪಿಸ್ ಕುಲದ ಗಿಡ. ನಮ್ಮ ಬಳ್ಳಾರಿ ಜಾಲಿಯ ಖಾಸಾ ದಾಯಾದಿ! ಹೆಸರಿಗೆ ಬಳ್ಳಾರಿ ಅಂತಿದ್ರೂ ನಮ್ಮ ಜಾಲಿ ಮೂಲದಲ್ಲಿ ಅಮೆರಿಕ ಖಂಡದ್ದೇ. ಅಲ್ಲಿ ಎಲ್ಲರೂ ಶರ್ಟಿಗೆ ಹತ್ತಿದ ಹೊಗೆ ವಾಸನೆ ಮೂಸಿ ನೋಡ್ಕೊಂಡು ಖುಷಿ ಪಡ್ತಿದ್ರು. ನಾನು ಪ್ಲೇಟು ಹಿಡ್ಕೊಂಡು ಸುಮ್ಮನೆ ಕೂತಿದ್ದೆ.

ಅಪ್ಪ ಹೋದ ವರ್ಷ ರಿಟೈರ್ ಆದ್ರು. ಬಂದ ದುಡ್ಡು, ನನ್ನ ಹೆಸರಿನ ಸಾಲ ಸೇರಿ ಕೂಡ್ಲಿಗೀಲಿ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಎದ್ದಿತು. ಹಿಂದುಗಡೆ ಒಂದಿಷ್ಟು ಖಾಲಿ ಜಾಗ. ನಾನು ದೊಡ್ಡವ್ವಗೆ ಫೋನ್ ಮಾಡಿ, ಬಾ, ಆ ಸಾರು ಮಾಡಣ ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ.

"ನಿಮ್ಮಪ್ಪ ಏನಂದ?"

"ಕೇಳಿಲ್ಲ."

"ಕೇಳ್ದೆ ಮಾಡಬಾರ್ದು ಮಗಾ. ಅವ್ನ ಮನೆ ಅದು."

ಕೇಳಿದೆ. ಅಪ್ಪ ಪೇಪರಿನ ಹಿಂದಿನಿಂದಲೇ "ನಿಮ್ಮಿಷ್ಟ" ಅಂದ್ರು. ಮೇಷ್ಟ್ರ ಮಕ್ಕಳಿಗೆ ಗೊತ್ತಿರುತ್ತೆ, "ನಿಮ್ಮಿಷ್ಟ" ಅನ್ನೋದಕ್ಕೆ ಕನಿಷ್ಠ ಮೂರು ಅರ್ಥ ಇರುತ್ತೆ. ನಾನು ನನಗೆ ಅನುಕೂಲ ಆಗೋದನ್ನ ಇಟ್ಕೊಂಡೆ.

ಮಾಂಸ ತಂದಿದ್ದು ದೊಡ್ಡವ್ವನ ಮಗ, ನಮ್ಮಣ್ಣ. ಪರವಾನಗಿ ಇರೋ ಅಂಗಡೀದು, ರಸೀದಿ ಸಮೇತ. ಕೋಣದ್ದು. 2021ರ ಜನವರಿಯಿಂದ ನಮ್ಮ ರಾಜ್ಯದಲ್ಲಿ ಹಸು, ಕರು, ಹೋರಿ, ಎತ್ತು ಯಾವುದನ್ನೂ ಕಡಿಯೋ ಹಂಗಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ, ಅದೂ ಪ್ರಮಾಣಪತ್ರ ಇದ್ರೆ. 1964ರ ಹಳೇ ಕಾಯ್ದೇಲಿ 12 ವರ್ಷ ದಾಟಿದ ಎತ್ತಿಗೂ ಅವಕಾಶ ಇತ್ತು. ನಾನಿಲ್ಲಿ ಕಾನೂನಿನ ಚರ್ಚೆ ಮಾಡ್ತಿಲ್ಲ, ಅಡುಗೆ ಮಾತು ಹೇಳ್ತಿದೀನಿ. 13 ವರ್ಷ ದಾಟಿದ ಪ್ರಾಣಿ ಅಂದ್ರೆ ಮುದುಕ. ಅದರ ಮೊಣಕಾಲಿನ ಕೆಳಗಿನ ಮಾಂಸ ಅಂದ್ರೆ ಜೀವಮಾನವೆಲ್ಲ ನಡೆದ ಕಾಲು. ನರ, ಪೊರೆ ತುಂಬಿರುತ್ತೆ. ಎರಡೂವರೆ ಕೆಜಿಗೆ ಅಣ್ಣ ಕೊಟ್ಟ ರೊಕ್ಕದಲ್ಲಿ ಒಂದು ಕೆಜಿ ಮಟನ್ ಕೂಡ ಬರ್ತಿರ್ಲಿಲ್ಲ.

"ಕುಕ್ಕರಿಗೆ ಹಾಕಣೇನು?" ಅಂದೆ. ದೊಡ್ಡವ್ವ ನನ್ನ ಮುಖ ನೋಡಿದ್ಲು. "ಇಂಜಿನೀರ್ ಅಂತೆ" ಅಂದ್ಲು. ನನಗಲ್ಲ, ಅವ್ವಗೆ.

ಹಿಂದೆ ಮೂರು ಕಲ್ಲಿನ ಒಲೆ, ಜಾಲಿ ಸೌದೆ. ಎಲುಬಿನ ಸಮೇತ ದೊಡ್ಡ ತುಂಡುಗಳಿಗೆ ಅರಿಶಿನ, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಶುಂಠಿ ಹಾಕಿ, ಎಣ್ಣೇಲಿ ಕೆಂಪಗಾಗೋ ತನಕ ಬಾಡಿಸಿ, ಮುಳುಗೋಷ್ಟು ನೀರು. ಕುದಿ ಬಂದ ಕೂಡಲೇ ಸೌದೆ ಹೊರಗೆಳೆದು ಬರೀ ಕೆಂಡ ಬಿಟ್ಲು. ಪಾತ್ರೆ ಮೇಲೆ ತಟ್ಟೆ, ತಟ್ಟೆ ಮೇಲೆ ನೀರು. ಒಳಗೆ ನೀರು ಕಡಿಮೆ ಆದ್ರೆ ಆ ಬಿಸಿ ನೀರೇ ಹೊಯ್ಯೋದು. ತಣ್ಣೀರು ಹಾಕಂಗಿಲ್ಲ. ಮಧ್ಯಾಹ್ನ ಎರಡಕ್ಕೆ ಇಟ್ಟಿದ್ದು. ನಾಲ್ಕಕ್ಕೆ ನಾನು ಒಂದು ತುಂಡು ಕಚ್ಚಿ ನೋಡಿದ್ರೆ ಚಪ್ಪಲಿ. ಐದಕ್ಕೂ ಚಪ್ಪಲಿ. ಆಗ ಕೆಂಡದಲ್ಲಿ ಸುಟ್ಟ ಉಳ್ಳಾಗಡ್ಡಿ, ಒಣಕೊಬ್ಬರಿ, ಕೊತ್ತಂಬರಿ ಬೀಜ, ಗಸಗಸೆ, ಚಕ್ಕೆ, ಲವಂಗ ರುಬ್ಬಿ, ಖಾರದ ಪುಡಿ ಜತೆ ಬಿಟ್ಲು. ಏಳಕ್ಕೆ ಎಲುಬು ಹಿಡಿದು ಎತ್ತಿದ್ರೆ ಮಾಂಸ ತಾನೇ ಕಳಚಿ ಬಿತ್ತು. ಸಾರು ಬೆರಳಿಗೆ ಅಂಟ್ತಿತ್ತು.

ಇದರಲ್ಲಿ ಪವಾಡ ಏನಿಲ್ಲ. ಆ ನರ ಪೊರೆಯಲ್ಲಿರೋದು ಕೊಲ್ಯಾಜೆನ್. ಸುಮಾರು 70 ಡಿಗ್ರಿ ದಾಟಿದ ಮೇಲೆ ತಾಸುಗಟ್ಟಲೆ ಬಿಸಿ ತಿಂದ್ರೆ ಅದು ಕರಗಿ ಜೆಲಟಿನ್ ಆಗುತ್ತೆ. ಪ್ರಾಣಿಗೆ ವಯಸ್ಸಾದಷ್ಟೂ ಅದರ ಹೆಣಿಗೆ ಬಿಗಿ, ಹಾಗಾಗಿ ಬಿಡಿಸೋಕೆ ಹೆಚ್ಚು ಹೊತ್ತು. ಕುಕ್ಕರಿನಲ್ಲಿ ಬೇಯಲ್ವಾ ಅಂದ್ರೆ ಬೇಯುತ್ತೆ. ಒತ್ತಡದಲ್ಲಿ ಬಿಸಿ 120 ಡಿಗ್ರಿ ಹತ್ರ ಹೋಗೋದ್ರಿಂದ ಬೇಗನೇ ಬೇಯುತ್ತೆ. ಬಾಡಿಗೆ ಮನೇಲಿ ಅವ್ವ ಮಾಡ್ತಿದ್ದದ್ದೂ ಅದನ್ನೇ. ಆದ್ರೆ ಅವತ್ತು ಹಿತ್ತಲಲ್ಲಿ ಕೂತಾಗ ನನಗೆ ಹೊಳೆದಿದ್ದು ಬೇರೆ. ಐದು ತಾಸು ಬೇಯಿಸೋದು ಅಂದ್ರೆ ಐದು ತಾಸು ವಾಸನೆ ಬರೋದು. ನಿಧಾನಕ್ಕೆ ಬೇಯಿಸೋಕೆ ಸ್ವಂತ ಮನೆ ಬೇಕು.

ಅವ್ವಗೂ ಅದೇ ಯೋಚನೆ. ಸಂಜೆಯಿಂದ ಪಕ್ಕದ ಮನೆ ಕಡೆಯ ಕಿಟಕಿ ಮುಚ್ಚೋದು. ನಾನು ತೆಗೆಯೋದು. ಅವಳು ಮತ್ತೆ ಮುಚ್ಚೋದು. ಮೂರನೇ ಸಲಕ್ಕೆ ಅಪ್ಪ ಟಿವಿ ನೋಡ್ತಾನೇ ಅಂದ್ರು, "ಬಿಡು, ಸೆಕೆ ಐತೆ." ಅವ್ವ ಬಿಟ್ಲು.

ಊಟಕ್ಕೆ ಏಳು ಜನ ನೆಲದ ಮೇಲೆ ಕೂತ್ವಿ. ಜೋಳದ ರೊಟ್ಟಿ, ಸಾರು, ಹಸಿ ಉಳ್ಳಾಗಡ್ಡಿ. ಅಪ್ಪ ಮೊದಲನೇ ತುತ್ತು ತಿಂದ್ರು, ಎರಡನೇದು ತಿಂದ್ರು. ಯಾರೂ ನೋಡ್ತಿಲ್ಲ ಅನ್ನೋ ಹಂಗೆ ಎಲ್ಲರೂ ನೋಡ್ತಿದ್ವಿ. ಆಮೇಲೆ ಅಪ್ಪ ತಟ್ಟೆ ನೋಡ್ತಾ ಅಂದ್ರು:

"ಅಕ್ಕಾ, ಅವತ್ತು ಕೊಟ್ಟೂರಾಗ ಡಬ್ಬಿ ತಂದಿದ್ದೆಲ್ಲ.. ನಾನು ಅದನ್ನ ಚೆಲ್ಲಿರ್ಲಿಲ್ಲ."

ದೊಡ್ಡವ್ವ ರೊಟ್ಟಿ ಮುರಿಯೋದನ್ನ ನಿಲ್ಲಿಸಿದ್ಲು.

"ಸಾಲಿ ಹಿಂದೆ ಕತ್ಲಾಗ ಕುಂತು ಎಲ್ಲಾ ತಿಂದೆ. ಬೋರಿನ ಹತ್ರ ಡಬ್ಬಿ ತೊಳ್ಕಂಡು ಬಂದೆ."

ಯಾರಿಗೂ ಏನು ಹೇಳಬೇಕೋ ತಿಳೀಲಿಲ್ಲ. ಕೊನೆಗೆ ದೊಡ್ಡವ್ವನೇ ಅಂದ್ಲು, "ಅವತ್ತು ಉಪ್ಪು ಒಂಚೂರು ಜಾಸ್ತಿ ಆಗಿತ್ತು. ಅದಕ್ಕೇ ಚೆಲ್ಲಿದ್ಯೇನೋ ಅಂತ ಮಾಡಿದ್ದೆ." ಇಪ್ಪತ್ತು ವರ್ಷದಿಂದ ಅವಳು ಅದನ್ನೇ ಅನ್ಕೊಂಡಿದ್ಲು!

ತಂಗಿ ನಕ್ಕುಬಿಟ್ಲು. "ನಮಗೆ ಚಟ್ನಿ ತಿನ್ನಿಸಿ ನೀವೊಬ್ರೇ ತಿಂದ್ರಾ ಅಪ್ಪಾ?" ಅಪ್ಪನೂ ನಗೋಕೆ ಹೋದ್ರು, ಆಗಲಿಲ್ಲ. ತಮ್ಮ ತಟ್ಟೆಯಲ್ಲಿದ್ದ ನಳ್ಳಿ ಎಲುಬು ಎತ್ತಿ ಅವಳ ತಟ್ಟೆಗಿಟ್ರು.

ಇಲ್ಲಿಗೇ ಮುಗಿಸಿದ್ರೆ ಚೆನ್ನಾಗಿರ್ತಿತ್ತೇನೋ. ಆದ್ರೆ ಮಾರನೇ ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ನಿಂತಾಗ ಪಕ್ಕದ ಮನೆಯವರು ಗೇಟಿನ ಹತ್ರ ಕೇಳಿದ್ರು, "ರಾತ್ರಿ ಏನೋ ಜೋರಿತ್ತು ಮೇಷ್ಟ್ರೇ?" ಅಪ್ಪ ಅಂದ್ರು, "ಮಗ ಬಂದಾನಲ್ರೀ, ಮಟನ್ ಮಾಡಿದ್ವಿ."

ನಾನು ಬಾಯಿ ಮುಕ್ಕಳಿಸಿ ಒಳಗೆ ಬಂದೆ. ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ಬರೋಕೆ ನನಗೇನು ಹಕ್ಕಿದೆ? ಬೆಂಗಳೂರಿನಲ್ಲಿ ಆರು ವರ್ಷದಿಂದ ಟೀಮಿನವರು "ವೀಕೆಂಡ್ ಊರಲ್ಲಿ ಏನ್ ಸ್ಪೆಷಲ್" ಅಂತ ಕೇಳಿದಾಗೆಲ್ಲ ನಾನು ಹೇಳಿರೋದೂ ಅದನ್ನೇ. ಮಟನ್. ಆಸ್ಟಿನ್‌ನಲ್ಲಿ ತಿಂದಿದ್ದನ್ನ ಮಾತ್ರ ಫೋಟೋ ಸಮೇತ ಎಲ್ಲರಿಗೂ ತೋರಿಸಿದ್ದೆ.

ಅದಕ್ಕೇ ಇದನ್ನ ಬರ್ದೆ. ಅದು ಮಟನ್ ಅಲ್ಲ. ಪೋಸ್ಟ್ ಹಾಕೋ ಮುಂಚೆ ಅಪ್ಪಗೆ ಫೋನ್ ಮಾಡಿ ಓದಿ ಹೇಳಿದೆ. ಪೂರ್ತಿ ಕೇಳಿದ್ರು. ಹಾಕ್ಲಾ ಅಂದೆ.

"ನಿಮ್ಮಿಷ್ಟ" ಅಂದ್ರು.